ಬರೋಸ್ ಅವರ ಶಾಲೆಯ ಬಗ್ಗೆ ಇನ್ನಷ್ಟು ಹೇಳಬೇಕಿತ್ತು

ಅಮೆರಿಕದಲ್ಲಿ ಕ್ರೈಸ್ತರ ಬ್ಯಾಪ್ಟಿಸ್ಟ್ ಪಂಗಡದ ಸೇವಾಕಾರ್ಯದಲ್ಲಿ ತೊಡಗಿದ್ದ ಕಪ್ಪುವರ್ಣೀಯ ಮಹಿಳೆ ನ್ಯಾನಿ ಹೆಲೆನ್ ಬರೋಸ್ ಅವರ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬಂದದ್ದೇ ಸಂತೋಷ. ಆದರೆ ಅವರನ್ನು ಬಡವರಿಗಾಗಿ ಮರುಗಿದ ಕರುಣಾಮಯಿ ಎಂದಷ್ಟೇ ಬಣ್ಣಿಸಿರುವುದು ನನಗೆ ಸಾಲದೆನಿಸಿತು. ಅವರಲ್ಲಿ ಕರುಣೆಯಷ್ಟೇ ಕೆಚ್ಚೂ ಇತ್ತು. 1900ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ರಿಚ್ಮಂಡ್‌ನಲ್ಲಿ ನಡೆದ ಕಪ್ಪುವರ್ಣೀಯ ಬ್ಯಾಪ್ಟಿಸ್ಟರ ಸಮಾವೇಶದಲ್ಲಿ ಎದ್ದುನಿಂತು, ಸೇವೆಗೆ ಸಿದ್ಧರಿರುವ ಸೋದರಿಯರನ್ನು ಚರ್ಚೇ ತಡೆಯುತ್ತಿದೆ ಎಂದು ನೇರವಾಗಿ ಹೇಳಿದವರು ಅವರು. ಮಹಿಳೆಯರ ಪ್ರತ್ಯೇಕ ಸಂಘಟನೆ ರೂಪುಗೊಂಡದ್ದೂ ಅಲ್ಲಿಯೇ.

1909ರಲ್ಲಿ ವಾಷಿಂಗ್ಟನ್‌ನಲ್ಲಿ ಅವರು ತೆರೆದ ಹೆಣ್ಣುಮಕ್ಕಳ ತರಬೇತಿ ಶಾಲೆಗೆ ಲೇಖನದಲ್ಲಿ ಸಿಕ್ಕಿರುವುದು ಒಂದೇ ವಾಕ್ಯ! ಆ ಶಾಲೆಯ ಆರಂಭದ ಹಣ ಬಹುಪಾಲು ಬಂದದ್ದು ಸಿರಿವಂತರಿಂದಲ್ಲ, ಕಪ್ಪುವರ್ಣೀಯ ಮಹಿಳೆಯರ ಚಿಲ್ಲರೆ ದೇಣಿಗೆಗಳಿಂದ. ಪರರ ಮನೆಗೆಲಸ ಮಾಡಿ ದುಡಿದವರು ತಮ್ಮ ಮಕ್ಕಳ ಓದಿಗೆ ಕೈಲಾದಷ್ಟು ಕೊಟ್ಟರು. ಬೈಬಲ್, ಸ್ನಾನ, ಪೊರಕೆ (ಅಂದರೆ ಶುದ್ಧ ಬದುಕು, ಶುದ್ಧ ದೇಹ, ಶುದ್ಧ ಮನೆ) ಎಂಬ ಮೂರು ಪದಗಳಲ್ಲಿ ಬರೋಸ್ ತಮ್ಮ ಶಿಕ್ಷಣದ ಗುರಿಯನ್ನು ಹೇಳುತ್ತಿದ್ದರು. ಇದನ್ನು ನೋಡಿ, ಅವರು ಹುಡುಗಿಯರನ್ನು ಮನೆಗೆಲಸಕ್ಕೇ ತಯಾರು ಮಾಡಿದರು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಲ್ಲಿ ತಮ್ಮ ಜನರ ಇತಿಹಾಸವನ್ನು ಓದುವುದು ಪ್ರತಿಯೊಬ್ಬ ವಿದ್ಯಾರ್ಥಿನಿಗೂ ಕಡ್ಡಾಯವಾಗಿತ್ತು. ದುಡಿಮೆಗೆ ಗೌರವ ಬೇಕು, ದುಡಿಯುವವಳಿಗೆ ಓದೂ ಬೇಕು ಎಂಬುದು ಅವರ ಹಟ.

1961ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಶಾಲೆಯನ್ನು ಬಿಡಲಿಲ್ಲ. ಲೇಖಕರು ದಯವಿಟ್ಟು ಶಾಲೆಯ ಕುರಿತೇ ಮತ್ತೊಂದು ಲೇಖನ ಬರೆಯಬೇಕು.