ಹೊರಗೆ ನಿಂತವನ ಕಡೆ ತಿರುಗುವ ದೇವರು

ಲೂಧಿಯಾನದಲ್ಲಿ ನನ್ನ ಜೊತೆ ಕೆಲಸ ಮಾಡುವ ಸಿಖ್ಖರು ಆಗಾಗ ಕೇಳುತ್ತಾರೆ, ನಿಮ್ಮ ಕಡೆ ಅಷ್ಟೊಂದು ದೇವರು ಯಾಕೆ, ಒಬ್ಬ ಸಾಲದಾ ಅಂತ. ಊರಿಂದ ಬರುವ ನೆಂಟರು ಅಮೃತಸರ ನೋಡಿಕೊಂಡು ಬಂದು ಇನ್ನೊಂದು ಕೇಳುತ್ತಾರೆ. ಇವರು ಮೂರ್ತಿ ಬೇಡ ಅಂತಾರೆ, ಆದರೆ ಪುಸ್ತಕಕ್ಕೆ ಚಾಮರ ಬೀಸುತ್ತಾರಲ್ಲ, ಅದೂ ಪೂಜೆ ತಾನೆ? ಕೇಳುವವರಲ್ಲಿ ಯಾರಿಗೂ ಕೆಟ್ಟ ಮನಸ್ಸಿಲ್ಲ. ಆದರೆ ಇಬ್ಬರೂ ಇನ್ನೊಬ್ಬರ ದೇವರನ್ನು ಬೀದಿಯಿಂದಲೇ ನೋಡಿ ಮಾತಾಡುತ್ತಾರೆ. ಇಬ್ಬರ ಮಾತನ್ನೂ ಕೇಳುತ್ತಾ ಬದುಕುವ ನನಗೆ ಅನಿಸಿದ್ದನ್ನು ಹೇಳಿಬಿಡುತ್ತೇನೆ.

ಮೊದಲು ನೆಂಟರ ಪ್ರಶ್ನೆ. ಸಿಖ್ಖರ ದೇವರಿಗೆ ಆಕಾರ ಇಲ್ಲ. ಹುಟ್ಟಿಲ್ಲ, ಸಾವಿಲ್ಲ. ಹುಟ್ಟೇ ಇಲ್ಲ ಅಂದಮೇಲೆ ಅವತಾರವೂ ಇಲ್ಲ. ಅವರ ಪವಿತ್ರ ಗ್ರಂಥವಾದ ಗುರು ಗ್ರಂಥ ಸಾಹಿಬ್‌ನಲ್ಲಿ ಹರಿ, ರಾಮ ಅನ್ನುವ ಹೆಸರುಗಳು ಸಾವಿರಾರು ಸಲ ಬರುತ್ತವೆ. ಆದರೆ ಅವರು ಹೇಳುವುದು ದಶರಥನ ಮಗನ ಬಗ್ಗೆ ಅಲ್ಲ, ಎಲ್ಲ ಜೀವಗಳಲ್ಲೂ ತುಂಬಿಕೊಂಡಿರುವ ಒಬ್ಬನ ಬಗ್ಗೆ. ಇನ್ನು ಗ್ರಂಥ. ಅದು ಅವರಿಗೆ ದೇವರಲ್ಲ, ಗುರು. ಐದನೇ ಗುರು ಅರ್ಜನ್ ದೇವ್ ಅದನ್ನು ಜೋಡಿಸಿ 1604ರಲ್ಲಿ, ನಾವು ಸ್ವರ್ಣಮಂದಿರ ಅನ್ನುವ ಅಮೃತಸರದ ಹರ್‌ಮಂದಿರ್ ಸಾಹಿಬ್‌ನಲ್ಲಿ ಇಟ್ಟರು. ಹತ್ತನೇ ಗುರು ಗೋಬಿಂದ್ ಸಿಂಗ್ 1708ರಲ್ಲಿ ನಾಂದೇಡಿನಲ್ಲಿ ತೀರಿಕೊಳ್ಳುವ ಮೊದಲು, ಇನ್ನು ಮುಂದೆ ಮನುಷ್ಯ ಗುರು ಇಲ್ಲ, ಗ್ರಂಥವೇ ಗುರು ಅಂದರು. ಅಲ್ಲಿಂದ ಇಲ್ಲಿವರೆಗೆ ಹಾಗೇ ನಡೆದಿದೆ.

ಗುರು ಅಂದಮೇಲೆ ಗುರುವಿಗೆ ಸಲ್ಲಬೇಕಾದ ಮರ್ಯಾದೆ ಎಲ್ಲ ಸಲ್ಲುತ್ತದೆ. ಬೆಳಗಿನ ಜಾವ ಇನ್ನೂ ಕತ್ತಲಿರುವಾಗಲೇ ಗ್ರಂಥವನ್ನು ಎದುರಿಗಿರುವ ಸಿಖ್ಖರ ಅಧಿಕಾರಪೀಠ ಅಕಾಲ್ ತಖ್ತ್‌ನಿಂದ ಪಲ್ಲಕ್ಕಿಯಲ್ಲಿ ಹೊತ್ತುಕೊಂಡು ಕೊಳದ ನಡುವಿನ ಮಂದಿರಕ್ಕೆ ತರುತ್ತಾರೆ, ಆ ಪಲ್ಲಕ್ಕಿಗೆ ಒಂದು ಕ್ಷಣ ಹೆಗಲು ಕೊಡಲು ಗಂಡಸರು ಚಳಿಗಾಲದ ಮಂಜಿನಲ್ಲೂ ಬರಿಗಾಲಲ್ಲಿ ಸಾಲು ನಿಂತಿರುತ್ತಾರೆ, ರಾತ್ರಿ ಮತ್ತೆ ಹಾಗೇ ಹೊತ್ತುಕೊಂಡು ಹೋಗಿ ಮಲಗಿಸುತ್ತಾರೆ. ಹೌದು, ಮಲಗಿಸುತ್ತಾರೆ. ಗ್ರಂಥದ ಪುಟಗಳಿಗೆ ಪುಟ ಅನ್ನುವುದಿಲ್ಲ, ಅಂಗ ಅನ್ನುತ್ತಾರೆ. ಒಟ್ಟು 1430 ಅಂಗ. ಹಳೆಯದಾಗಿ ಓದಲು ಆಗದ ಪ್ರತಿಗಳನ್ನು ಗೋಯಿಂದ್‌ವಾಲ್‌ಗೆ ಒಯ್ದು ಗೌರವದಿಂದ ಅಗ್ನಿಗೆ ಒಪ್ಪಿಸುತ್ತಾರೆ.

ಇದನ್ನೆಲ್ಲ ನೋಡಿದ ನಮ್ಮವರಿಗೆ ಇದು ನಮ್ಮ ಸುಪ್ರಭಾತ, ಶಯನೋತ್ಸವದ ಹಾಗೇ ಕಾಣುತ್ತದೆ. ಕಾಣಲಿ, ತಪ್ಪೇನಿಲ್ಲ. ಆದರೆ ಒಂದು ವ್ಯತ್ಯಾಸ ದೊಡ್ಡದು. ನಾವು ಗರ್ಭಗುಡಿಯ ಮುಂದೆ ನಿಂತು ನೋಡುತ್ತೇವೆ. ಇವರು ಕುಳಿತು ಕೇಳುತ್ತಾರೆ. ನಮ್ಮಲ್ಲಿ ದರ್ಶನ ಆಯ್ತಾ ಅನ್ನುವುದೇ ಮುಖ್ಯ, ನೂಕುನುಗ್ಗಲಿನಲ್ಲಿ ಎರಡು ಸೆಕೆಂಡು ಸಿಕ್ಕರೂ ಸಾಕು, ಕಣ್ಣು ತುಂಬುತ್ತದೆ. ಇಲ್ಲಿ ಗ್ರಂಥವನ್ನು ತೆರೆದಾಗ ಯಾವ ಪದ್ಯ ಬರುತ್ತದೋ ಅದೇ ಆ ದಿನದ ಅಪ್ಪಣೆ. ಅದಕ್ಕೆ ಹುಕಮ್‌ನಾಮಾ ಅನ್ನುತ್ತಾರೆ. ಅಮೃತಸರದ ಹುಕಮ್‌ನಾಮಾ ಬೆಳಗ್ಗೆ ಬೆಳಗ್ಗೆಯೇ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಕಾಣದ ದೇವರ ಹತ್ತಿರ ಹೋಗಲು ಇವರಿಗಿರುವ ದಾರಿ ಶಬ್ದ. ಕಿವಿಯ ದಾರಿ.

ಈಗ ನನ್ನ ಸಹೋದ್ಯೋಗಿಗಳ ಪ್ರಶ್ನೆ. ಅಷ್ಟೊಂದು ದೇವರು ಯಾಕೆ? ಇದಕ್ಕೆ ಒಂದೇ ಉತ್ತರ ಕೊಡುವುದು ಕನ್ನಡಿಗನಿಗೆ ಕಷ್ಟ. ಶೃಂಗೇರಿಗೆ ಹೋದರೆ ನೀನೂ ಅದೂ ಬೇರೆ ಅಲ್ಲ ಅನ್ನುತ್ತಾರೆ. ಘಟ್ಟ ಇಳಿದು ಉಡುಪಿಗೆ ಬಂದರೆ ದೇವರು ಬೇರೆ, ಜೀವ ಬೇರೆ, ಎಂದೆಂದಿಗೂ ಬೇರೆ ಅನ್ನುತ್ತಾರೆ. ಕಲ್ಯಾಣದ ಶರಣರು ಗುಡಿಯೇ ಬೇಡ ಅಂತ ಲಿಂಗವನ್ನು ಮೈಮೇಲೆ ಕಟ್ಟಿಕೊಂಡರು. ಅಂಗೈಯಲ್ಲಿ ಇಟ್ಟು ಪೂಜೆ ಮಾಡಿಕೊಳ್ಳುವ ದೇವರಿಗೆ ಪೂಜಾರಿಯ ಅಗತ್ಯ ಇಲ್ಲ, ಬಾಗಿಲಿನ ಅಗತ್ಯವಂತೂ ಇಲ್ಲವೇ ಇಲ್ಲ. ಧರ್ಮಸ್ಥಳದಲ್ಲಿ ದೇವರು ಶಿವ, ಪೂಜೆ ಮಾಡುವವರು ವೈಷ್ಣವರು, ನಡೆಸುವ ಮನೆತನ ಜೈನರದ್ದು. ಇದನ್ನು ಹೇಳಿದಾಗ ಇಲ್ಲಿಯ ಒಬ್ಬರು ನಂಬಲೇ ಇಲ್ಲ.

ಇನ್ನು ತುಳುನಾಡು. ಅಲ್ಲಿ ದೈವ ಕಲ್ಲಿನಲ್ಲಿ ಸುಮ್ನೆ ಕುಳಿತಿರುವುದಿಲ್ಲ. ಕೋಲದ ರಾತ್ರಿ ಮನುಷ್ಯನ ಮೈಮೇಲೆ ಬರುತ್ತದೆ. ಆ ಮನುಷ್ಯ ನಲಿಕೆ, ಪರವ, ಪಂಬದ ಸಮುದಾಯದವನು. ಗುತ್ತಿನ, ಅಂದರೆ ಊರಿನ ದೊಡ್ಡ ಮನೆತನದ ಯಜಮಾನ ಅವನ ಮುಂದೆ ಕೈ ಕಟ್ಟಿ ನಿಲ್ಲುತ್ತಾನೆ, ಬೈಸಿಕೊಳ್ಳುತ್ತಾನೆ, ಊರಿನ ಜಗಳಕ್ಕೆ ತೀರ್ಪು ಕೇಳುತ್ತಾನೆ. ಬೆಳಗಾದ ಮೇಲೆ? ಬಣ್ಣ ಅಳಿಸಿದ ಮೇಲೆ ಅದೇ ಮನುಷ್ಯನಿಗೆ ಅದೇ ಮನೆಯಲ್ಲಿ ಎಲ್ಲಿವರೆಗೆ ಬರಲು ಬಿಡುತ್ತಿದ್ದರು ಅನ್ನುವುದು ನಮ್ಮ ಹಿರಿಯರಿಗೆಲ್ಲ ಗೊತ್ತು. ನನ್ನನ್ನು ಕಾಡುವುದು ಇದೇ. ದೇವರು ಎಲ್ಲಿದ್ದಾನೆ ಅಂತ ನಾವು ಏನೇ ಹೇಳಿದರೂ, ಬಾಗಿಲ ಹತ್ತಿರ ಬಂದಾಗ ನಾವು ನಿಜವಾಗಿ ಏನು ನಂಬುತ್ತೇವೆ ಅನ್ನುವುದು ಹೊರಬೀಳುತ್ತದೆ.

ಎರಡು ಕಥೆ ಹೇಳುತ್ತೇನೆ. ಗುರು ನಾನಕ್ ಮೆಕ್ಕಾಗೆ ಹೋದಾಗ ಕಾಬಾದ ಕಡೆ ಕಾಲು ಚಾಚಿ ಮಲಗಿದ್ದರಂತೆ. ಯಾರೋ ಬಂದು ಬೈದರು. ಹಾಗಾದರೆ ದೇವರು ಇಲ್ಲದ ಕಡೆಗೆ ನನ್ನ ಕಾಲನ್ನು ತಿರುಗಿಸಪ್ಪ ಅಂದರಂತೆ ನಾನಕ್. ಪಂಜಾಬಿನ ಪ್ರತಿ ಮಗುವಿಗೂ ಈ ಕಥೆ ಗೊತ್ತು. ನಮ್ಮ ಪ್ರತಿ ಮಗುವಿಗೂ ಗೊತ್ತಿರುವುದು ಕನಕನ ಬಾಳೆಹಣ್ಣಿನ ಕಥೆ. ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಅಂತ ವ್ಯಾಸರಾಯರು ಶಿಷ್ಯರಿಗೆ ಹಣ್ಣು ಕೊಟ್ಟರು. ಕನಕದಾಸರು ಮಾತ್ರ ಹಣ್ಣನ್ನು ಹಾಗೇ ವಾಪಸ್ ತಂದರು, ದೇವರು ನೋಡದ ಜಾಗವೇ ಸಿಗಲಿಲ್ಲ ಅಂತ. ಒಂದೇ ಕಾಲದ ಮಾತು ಇದು. ನಾನಕ್ ತೀರಿಕೊಂಡ 1539ರಲ್ಲೇ ವ್ಯಾಸರಾಯರೂ ತೀರಿಕೊಂಡರು. ಒಬ್ಬರಿಗೆ ಇನ್ನೊಬ್ಬರ ಭಾಷೆ ಗೊತ್ತಿರಲಿಕ್ಕಿಲ್ಲ. ಆದರೂ ಎರಡು ಮೂಲೆಯಲ್ಲಿ ಜನ ನೆನಪಿಟ್ಟುಕೊಂಡದ್ದು ಒಂದೇ ಮಾತು.

ಅದೇ ಕನಕ ಉಡುಪಿಗೆ ಹೋದರು. ಎಲ್ಲ ಕಡೆ ಇರುವ ದೇವರನ್ನು ಕಂಡವರು ಕೃಷ್ಣನ ಆ ಒಂದು ಮೂರ್ತಿಯನ್ನು ನೋಡಲು ಹಂಬಲಿಸಿ ನಿಂತರು. ಇದನ್ನು ಕೆಲವರು ವಿರೋಧಾಭಾಸ ಅನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಇಲ್ಲಿಯ ಸಿಖ್ಖರೂ ದೇವರು ಎಲ್ಲೆಲ್ಲೂ ಇದ್ದಾನೆ ಅಂತ ದಿನಾ ಹಾಡಿಕೊಂಡೇ ಹರ್‌ಮಂದಿರದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ, ಕೊಳದಲ್ಲಿ ಮುಳುಗು ಹಾಕುತ್ತಾರೆ. ಎಲ್ಲೆಲ್ಲೂ ಇರುವವನನ್ನು ಪ್ರೀತಿಸಲು ಮನುಷ್ಯನಿಗೆ ಒಂದು ಜಾಗ ಬೇಕು, ಅಷ್ಟೇ. ಕನಕರಿಗೂ ಬೇಕಿತ್ತು. ಜಾತಿಯ ಕಾರಣಕ್ಕೆ ಒಳಗೆ ಬಿಡಲಿಲ್ಲ. ಹಿಂದೆ ನಿಂತು ಹಾಡಿದರು, ಗೋಡೆ ಬಿರುಕು ಬಿಟ್ಟಿತು, ಕೃಷ್ಣ ಪಶ್ಚಿಮಕ್ಕೆ ತಿರುಗಿದ. ಇವತ್ತಿಗೂ ಅಲ್ಲಿ ಕನಕನ ಕಿಂಡಿ ಇದೆ, ಕೃಷ್ಣನ ಮುಖ ಪಶ್ಚಿಮಕ್ಕೇ ಇದೆ.

ಈ ಕಥೆಯನ್ನು ನಾನು ಒಮ್ಮೆ ನಮ್ಮ ಬೀದಿಯ ಹಿರಿಯ ಸರ್ದಾರ್‌ಜಿ ಒಬ್ಬರಿಗೆ ಹೇಳಿದೆ, ಇದು ನಮ್ಮ ಕಡೆಯ ವಿಶೇಷ ಕಥೆ ಅನ್ನುವ ಹೆಮ್ಮೆಯಲ್ಲಿ. ಅವರು ಪೂರ್ತಿ ಕೇಳಿ, ಇದು ನಮ್ಮ ಗ್ರಂಥದಲ್ಲೇ ಇದೆಯಲ್ಲ ಅಂದರು. ನಾಮದೇವರ ಕಥೆ. ಗುರು ಗ್ರಂಥ ಸಾಹಿಬ್‌ನಲ್ಲಿ ಗುರುಗಳ ಜೊತೆಗೆ ಕಬೀರ್, ರವಿದಾಸ್, ಶೇಖ್ ಫರೀದ್ ಇದ್ದಾರೆ. ಪಂಢರಪುರದ ವಿಠಲನ ಭಕ್ತ ನಾಮದೇವರೂ ಇದ್ದಾರೆ. ಬಟ್ಟೆಗೆ ಬಣ್ಣ ಹಾಕುವ, ಹೊಲಿಯುವ ಕುಲದವರು. ದೇವಸ್ಥಾನದಲ್ಲಿ ಭಜನೆಗೆ ಕುಳಿತವರನ್ನು ಜಾತಿ ನೋಡಿ ಎಬ್ಬಿಸಿ ಓಡಿಸಿದರು. ಅವರು ಕಂಬಳಿ ಎತ್ತಿಕೊಂಡು ಹೋಗಿ ಹಿಂದೆ ಕುಳಿತು ಹಾಡಿದರು. ಆಗ ಇಡೀ ದೇವಸ್ಥಾನವೇ ನಾಮದೇವರ ಕಡೆ ಮುಖ ತಿರುಗಿಸಿತು, ಪಂಡಿತರ ಕಡೆ ಬೆನ್ನು ಹಾಕಿತು ಅಂತ ಅವರ ಪದ್ಯವೇ ಹೇಳುತ್ತದೆ. ನಾಮದೇವರು ಕನಕರಿಗಿಂತ ಎಷ್ಟೋ ಹಿಂದಿನವರು. ಅವರು ಕೊನೆಗಾಲದಲ್ಲಿ ಇದ್ದರು ಅನ್ನುವ ಘುಮಾನ್ ಊರು ಇಲ್ಲೇ, ಗುರುದಾಸಪುರ ಜಿಲ್ಲೆಯಲ್ಲಿದೆ.

ಅವತ್ತಿನಿಂದ ನನ್ನ ತಲೆಯಲ್ಲಿ ಈ ಎರಡು ಕಥೆ ಒಟ್ಟಿಗೇ ಇವೆ. ಒಂದು ಕಡೆ ಮೂರ್ತಿ ಬೇಕು ಅನ್ನುವವರು, ಇನ್ನೊಂದು ಕಡೆ ಮೂರ್ತಿಯೇ ಬೇಡ ಅನ್ನುವವರು. ಆದರೆ ಇಬ್ಬರೂ ಕಾಪಾಡಿಕೊಂಡು ಬಂದಿರುವ ಕಥೆಯಲ್ಲಿ ದೇವರು ಮಾಡಿದ್ದು ಒಂದೇ ಕೆಲಸ. ಹೊರಗೆ ಹಾಕಿದವನ ಕಡೆ ತಿರುಗಿದ. ದೇವರು ಎಲ್ಲಿದ್ದಾನೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಯಾವ ಶಾಸ್ತ್ರದಲ್ಲೂ ಸಿಕ್ಕಿಲ್ಲ.

ಆದರೆ ದೇವರು ತಿರುಗಿದ ಮೇಲೆ ಜನ ಏನು ಮಾಡಿದರು? ಉಡುಪಿಯ ಕಥೆಯಲ್ಲಿ ನನಗೆ ನೋವಾಗುವುದು ಇಲ್ಲೇ. ದೇವರೇ ತಿರುಗಿ ನಿಂತರೂ ಕನಕರಿಗೆ ಸಿಕ್ಕಿದ್ದು ಕಿಂಡಿ. ಬಾಗಿಲು ತೆಗೆದು ಒಳಗೆ ಕರೆದರು ಅಂತ ಕಥೆ ಮುಂದುವರಿಯುವುದಿಲ್ಲ. ನಾವು ಆ ಕಿಂಡಿಯನ್ನು ಎಷ್ಟು ಪ್ರೀತಿಯಿಂದ ತೋರಿಸುತ್ತೇವೆ ಅಂದರೆ, ಅದು ಯಾಕೆ ಬೇಕಾಯಿತು ಅನ್ನುವುದೇ ಮರೆತುಹೋಗುತ್ತದೆ. ಊಟದ ಪಂಕ್ತಿಯಲ್ಲಿ ಜಾತಿ ನೋಡಿ ಬೇರೆ ಕೂರಿಸುವ ಜಗಳ ಕರಾವಳಿಯಲ್ಲಿ ನಮ್ಮ ಕಾಲದವರೆಗೂ ನಡೆದದ್ದು ನೋಡಿದ್ದೇವೆ ಅಲ್ವಾ? ಕೈಗೆ ತಾಗಬಾರದು ಅಂತ ಮೇಲಿಂದ ತೀರ್ಥ ಬಿಡುವುದನ್ನು ನಾನೇ ಕೈಯೊಡ್ಡಿ ಅನುಭವಿಸಿದ್ದೇನೆ. ಅದೇ ಕೈಯನ್ನು ಬೊಗಸೆ ಮಾಡಿ ಇಲ್ಲಿ ಗುರುದ್ವಾರದಲ್ಲಿ ಕುಳಿತಾಗ, ನನ್ನ ಹೆಸರು, ಕುಲ ಏನೂ ಕೇಳದೆ ಬಿಸಿ ಕಡಾಹ್ ಪ್ರಸಾದ, ಅಂದರೆ ಗೋಧಿ ಹಿಟ್ಟಿನ ಸಿಹಿ, ಇಟ್ಟರು. ಹರ್‌ಮಂದಿರಕ್ಕೆ ನಾಲ್ಕು ದಿಕ್ಕಿಗೂ ಬಾಗಿಲು. ಒಳಗೆ ಹೋಗಬೇಕಾದರೆ ಮೆಟ್ಟಿಲು ಹತ್ತುವುದಿಲ್ಲ, ಇಳಿಯಬೇಕು.

ಹಾಗಂತ ಪಂಜಾಬಿನಲ್ಲಿ ಎಲ್ಲ ಸರಿ ಇದೆ ಅಂತ ಹೇಳಿದರೆ ಅದು ಸುಳ್ಳು. ಈ ಅಮೃತಸರದಲ್ಲೇ ದಲಿತ ಸಿಖ್ಖರ ಪ್ರಸಾದವನ್ನು ತೆಗೆದುಕೊಳ್ಳುವುದಿಲ್ಲ ಅಂದವರು ಇದ್ದರು. 1920ರ ಅಕ್ಟೋಬರ್ 12ರಂದು ಖಾಲ್ಸಾ ಬಿರಾದರಿ ಅನ್ನುವ ಗುಂಪಿನವರು ಜಲಿಯನ್‌ವಾಲಾ ಬಾಗ್‌ನಲ್ಲಿ ಸಭೆ ಸೇರಿ, ಅಮೃತ ದೀಕ್ಷೆ ತೆಗೆದುಕೊಂಡು ಹೊಸದಾಗಿ ಸಿಖ್ಖರಾದ ದಲಿತರ ಜೊತೆ ಹರ್‌ಮಂದಿರಕ್ಕೆ ಬಂದರು. ಪೂಜಾರಿಗಳು ಅವರ ಕಡಾಹ್ ಪ್ರಸಾದ ಮುಟ್ಟಲು ಒಪ್ಪಲಿಲ್ಲ. ವಾದ ನಡೆಯಿತು. ಕೊನೆಗೆ ಗ್ರಂಥವನ್ನೇ ಕೇಳೋಣ ಅಂತ ತೀರ್ಮಾನವಾಯಿತು. ತೆರೆದಾಗ ಬಂದ ಪದ್ಯ, ಗುಣವಿಲ್ಲದವರನ್ನೂ ದೇವರೇ ಕ್ಷಮಿಸಿ ತನ್ನ ಸೇವೆಗೆ ಸೇರಿಸಿಕೊಳ್ಳುತ್ತಾನೆ ಅನ್ನುವಂಥದ್ದು. ಪ್ರಸಾದ ಸ್ವೀಕಾರವಾಯಿತು. ಅಲ್ಲಿಂದ ಅವರು ಅಕಾಲ್ ತಖ್ತ್ ಕಡೆ ಹೊರಟಾಗ ಅಲ್ಲಿಯ ಪೂಜಾರಿಗಳು ಜಾಗ ಬಿಟ್ಟು ಹೋಗಿದ್ದರು. ಗುರುದ್ವಾರಗಳನ್ನು ಸಮುದಾಯವೇ ನಡೆಸಬೇಕು ಅನ್ನುವ ದೊಡ್ಡ ಚಳವಳಿಗೆ ಇದೂ ಒಂದು ಕಾರಣ. ಮುಂದಿನ ತಿಂಗಳೇ ಶಿರೋಮಣಿ ಗುರುದ್ವಾರ ಪ್ರಬಂಧಕ ಕಮಿಟಿ ಹುಟ್ಟಿತು. 1925ರಲ್ಲಿ ಕಾನೂನೂ ಬಂತು.

ಇದು ನನಗೆ ತುಂಬಾ ದೊಡ್ಡ ವಿಷಯ ಅನಿಸುತ್ತದೆ. ಇಲ್ಲಿಯೂ ದೇವರ ಕಡೆಯಿಂದ ಬಂದ ಉತ್ತರ ಹೊರಗಿದ್ದವರ ಪರವಾಗಿಯೇ ಇತ್ತು. ವ್ಯತ್ಯಾಸ ಏನೆಂದರೆ, ಇಲ್ಲಿಯ ಜನ ಆ ಉತ್ತರವನ್ನು ಹಿಡಿದುಕೊಂಡು ಬಾಗಿಲಲ್ಲಿ ಜಗಳ ಮಾಡಿ ಒಳಗೆ ಹೋದರು. ಆಮೇಲೂ ಕೆಲಸ ಮುಗಿದಿಲ್ಲ. ಪಂಜಾಬಿನ ಹಳ್ಳಿಗಳಲ್ಲಿ ದಲಿತ ಸಿಖ್ಖರಿಗೆ ಬೇರೆ ಗುರುದ್ವಾರ, ಬೇರೆ ಸ್ಮಶಾನ ಇವತ್ತಿಗೂ ಎಷ್ಟೋ ಕಡೆ ಇವೆ. ಆಕಾರವೇ ಇಲ್ಲದ ದೇವರಿಗೂ ಊರಿನಲ್ಲಿ ಎರಡು ಮನೆ ಕಟ್ಟಿಬಿಟ್ಟಿದ್ದಾರೆ. ಹಾಗಾಗಿ ನನ್ನ ಸಹೋದ್ಯೋಗಿಗಳು, ನಮ್ಮದು ನಿರಾಕಾರ, ಆದ್ದರಿಂದ ನಮ್ಮಲ್ಲಿ ಭೇದವಿಲ್ಲ ಅಂದಾಗ ನಾನು ಒಪ್ಪುವುದಿಲ್ಲ. ಮೂರ್ತಿ ಬಿಟ್ಟ ಮಾತ್ರಕ್ಕೆ ಜಾತಿ ಬಿಡುವುದಿಲ್ಲ. ನಮ್ಮ ಊರಿನವರು, ನಮ್ಮ ದೇವರು ಭಕ್ತನಿಗಾಗಿ ತಿರುಗಿದವನು ಅಂದಾಗಲೂ ಅಲ್ಲಿಗೇ ನಿಲ್ಲಿಸಲು ಬಿಡುವುದಿಲ್ಲ. ದೇವರು ತಿರುಗಿದ, ನೀವು ತಿರುಗಿದಿರಾ ಅಂತ ಕೇಳುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಆಗಲಿ.

ಇಲ್ಲಿಯವರಿಗೆ ಕರ್ನಾಟಕ ಅಂದರೆ ಬೆಂಗಳೂರು, ಆಮೇಲೆ ಬೀದರ್. ನಾನು ಬೀದರಿನ ಹೆಸರು ಹೇಳಿದ ತಕ್ಷಣ ಮುಖ ಅರಳುತ್ತದೆ. ಅಲ್ಲಿಯ ನಾನಕ್ ಝೀರಾ ಗುರುದ್ವಾರ ಅವರಿಗೆ ಯಾತ್ರೆಯ ಜಾಗ. ಉಪ್ಪುನೀರಿನ ಊರಲ್ಲಿ ನಾನಕ್ ಕಲ್ಲು ಸರಿಸಿ ಸಿಹಿನೀರು ಹರಿಸಿದರು ಅನ್ನುವ ನಂಬಿಕೆ. 1699ರಲ್ಲಿ ಗುರು ಗೋಬಿಂದ್ ಸಿಂಗ್ ತಲೆ ಕೊಡುವವರು ಯಾರು ಅಂತ ಕೇಳಿದಾಗ ಎದ್ದು ನಿಂತ ಐದು ಜನರಲ್ಲಿ ಸಾಹಿಬ್ ಸಿಂಗ್ ಬೀದರಿನವರು, ಕ್ಷೌರಿಕ ಕುಲದವರು. ಪ್ರತಿ ಗುರುದ್ವಾರದಲ್ಲೂ ದಿನಾ ಅರ್ದಾಸ್, ಅಂದರೆ ಪ್ರಾರ್ಥನೆ, ಮಾಡುವಾಗ ಆ ಐವರು ಪ್ರಿಯರನ್ನು ನೆನೆಯುತ್ತಾರೆ, ಅವರಲ್ಲಿ ಒಬ್ಬರು ಕನ್ನಡ ನಾಡಿನ ನೆಲದವರು ಅನ್ನುವುದು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು? ಅದೇ ಬೀದರ್ ಜಿಲ್ಲೆಯಲ್ಲೇ ಬಸವಕಲ್ಯಾಣ ಇದೆ. ಚಮ್ಮಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆ ಆದದ್ದಕ್ಕೆ ಶರಣರ ರಕ್ತ ಹರಿದ ಊರು ಅದು. ನಾನಕ್ ಹುಟ್ಟುವುದಕ್ಕೆ ಮುನ್ನೂರು ವರ್ಷ ಮೊದಲೇ.

ಇಲ್ಲಿಂದ ನಾಂದೇಡಿನ ಹಜೂರ್ ಸಾಹಿಬ್‌ಗೆ ಹೋಗುವ ಎಷ್ಟೋ ಜನ ಬೀದರಿಗೂ ಹೋಗಿ ಬರುತ್ತಾರೆ. ಹೊರಡುವ ಮೊದಲು ಸಿಕ್ಕವರಿಗೆಲ್ಲ ನಾನು ಹೇಳುವುದು ಒಂದೇ, ಇನ್ನೊಂದು ದಿನ ಉಳಿದು ಬಸವಕಲ್ಯಾಣ ನೋಡಿ ಬನ್ನಿ, ಬಂದ ಮೇಲೆ ಮಾತಾಡೋಣ. ಅಮೃತಸರಕ್ಕೆ ಬರುವ ನಮ್ಮವರು ಘುಮಾನ್‌ಗೂ ಹೋಗಬೇಕು. ದಾರಿ ಗೊತ್ತಿಲ್ಲದಿದ್ದರೆ ಕೇಳಿ, ನಾನೇ ಕರೆದುಕೊಂಡು ಹೋಗುತ್ತೇನೆ.