ಪೊಲೀಸಿಗಾ, ತಲೆಗಾ?

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದಲ್ಲಿ, ಕಂಬಿಗೆ ಎಳನೀರು ಗೊನೆ ಕಟ್ಟಿದ ಹಾಗೆ ಹೆಲ್ಮೆಟ್ ನೇತುಹಾಕಿಕೊಂಡು ಕೂತಿದ್ದ ಹುಡುಗ, ನಮ್ಮ ಭಾವನ ಮುಖ ನೋಡಿ ಒಂದೇ ಒಂದು ಪ್ರಶ್ನೆ ಕೇಳಿದ.

"ಪೊಲೀಸಿಗಾ ಅಣ್ಣ, ತಲೆಗಾ?"

"ಪೊಲೀಸಿಗೇ ಕಣಪ್ಪ" ಅಂದರು ಭಾವ, ಒಂಚೂರೂ ಯೋಚನೆ ಮಾಡದೆ.

ಪೊಲೀಸಿಗಾದರೆ 250 ರೂಪಾಯಿ. ತಲೆಗಾದರೆ ಅವನ ಹತ್ರ ಮಾಲಿಲ್ಲ, ಅಂಗಡಿಗೇ ಹೋಗಬೇಕಂತೆ. ಇಷ್ಟು ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವನನ್ನು ನಾನು ಈಚೆಗೆ ನೋಡಿಲ್ಲ.

ಭಾವನ ಲೆಕ್ಕವೂ ಪಕ್ಕಾ. ಕಾನೂನಿನ ಪುಸ್ತಕದಲ್ಲಿ ಹೆಲ್ಮೆಟ್ ಇಲ್ಲದಿದ್ದರೆ 1000 ರೂಪಾಯಿ ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು. 2019ರಲ್ಲಿ ಜನ ಬೊಬ್ಬೆ ಹೊಡೆದ ಮೇಲೆ ನಮ್ಮ ರಾಜ್ಯದಲ್ಲಿ ಅದು 500ಕ್ಕೆ ಇಳಿಯಿತು. 500ರ ದಂಡಕ್ಕೆ 250ರ ಹೆಲ್ಮೆಟ್. ಒಂದೇ ಸಲ ತಪ್ಪಿಸಿಕೊಂಡರೂ 250 ಲಾಭ. ತಲೆಯ ಸುತ್ತಳತೆ ಎಷ್ಟು ಅಂತ ಕೇಳಿ ನೋಡಿ, ಯಾರಿಗೂ ಗೊತ್ತಿಲ್ಲ. ದಂಡ ಎಷ್ಟು ಅಂತ ಕೇಳಿ, ಸ್ಕೂಲ್ ಮಕ್ಕಳೂ ಹೇಳುತ್ತಾರೆ.

ಇದೇ ಭಾವ ಚಪ್ಪಲಿ ತಗೊಳ್ಳೋಕೆ ಹೋದರೆ ಅಂಗಡಿಯೊಳಗೆ ನಾಲ್ಕು ಸುತ್ತು ನಡೆಯುತ್ತಾರೆ. ಕಿರುಬೆರಳು ಒತ್ತುತ್ತದೆ ಅಂತ ಮೂರು ಜೊತೆ ವಾಪಸ್ ಕೊಡುತ್ತಾರೆ. ತೆಂಗಿನಕಾಯಿಯನ್ನಂತೂ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಬೆರಳಲ್ಲಿ ಕುಟ್ಟಿ, ಪಕ್ಕದವರಿಗೂ ಕೇಳಿಸಿ, ಆಮೇಲೆ ಚೌಕಾಸಿ ಶುರು.

ತಲೆಗೂ ಟೇಪ್ ಹಿಡಿಯಬಹುದು ಭಾವ, ಅಂದೆ. ಹುಬ್ಬಿನಿಂದ ಒಂದು ಇಂಚು ಮೇಲೆ ಶುರು ಮಾಡಿ, ಕಿವಿಗಳ ಮೇಲೆ ಹಾದು, ಹಿಂದೆ ತಲೆ ಎಲ್ಲಿ ಜಾಸ್ತಿ ಉಬ್ಬಿದೆಯೋ ಅಲ್ಲಿ ಸುತ್ತಿದರೆ ಅಳತೆ ಸಿಗುತ್ತದೆ. 58 ಸೆಂಟಿಮೀಟರ್ ಬಂತಾ, 580 ಅಂತ ಬರೆದಿರುವ ಹೆಲ್ಮೆಟ್ ಕೇಳಿದರಾಯಿತು. ಆದರೂ ದುಂಡು ತಲೆ ಬೇರೆ, ಉದ್ದ ತಲೆ ಬೇರೆ, ಹಾಕಿಕೊಂಡೇ ನೋಡಬೇಕು. ಭಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಲೆಗೆ ಅಳತೆ ಕೊಡೋಕೆ ನಾನೇನು ಪೇಟ ಕಟ್ಟಿಸಿಕೊಳ್ಳೋ ಮದುಮಗನೇನೋ?"

ನಾನೂ ಭಾರಿ ಬುದ್ಧಿವಂತನೇನಲ್ಲ. ಮೂರು ವರ್ಷದ ಹಿಂದೆ ದೊಡ್ಡ ಅಂಗಡಿಗೇ ಹೋಗಿದ್ದೆ. ಮೊದಲು ಹಾಕಿಕೊಂಡಿದ್ದು ಕೆನ್ನೆ ಹಿಡಿಯಿತು. ಕನ್ನಡಿಯಲ್ಲಿ ನೋಡಿದರೆ ಎರಡು ದವಡೆಯಲ್ಲೂ ಕಡುಬು ತುಂಬಿಕೊಂಡವನ ಹಾಗೆ ಕಂಡೆ. "ಒಂದು ಸೈಜ್ ದೊಡ್ಡದು ತಗೊಳ್ಳಿ ಸಾರ್, ಆರಾಮಾಗಿರುತ್ತೆ" ಅಂದರು. ಆರಾಮಾಗೇ ಇತ್ತು, ಕ್ಯಾತ್ಸಂದ್ರದವರೆಗೆ. ಹೈವೇಯಲ್ಲಿ ಗಾಳಿ ಹೊಡೆದಿದ್ದೇ ತಡ, ಹೆಲ್ಮೆಟ್ ಮೇಲೆದ್ದು, ಪಟ್ಟಿ ಗಂಟಲಿಗೆ ಬಿಗಿದು, ದಾಬಸ್‌ಪೇಟೆವರೆಗೂ ಒಂದು ಕೈಯಲ್ಲಿ ಗಾಡಿ, ಇನ್ನೊಂದು ಕೈಯಲ್ಲಿ ತಲೆ ಹಿಡಿದುಕೊಂಡು ಹೋದೆ. ಹೊಸ ಹೆಲ್ಮೆಟ್ ಕೆನ್ನೆಗೆ ಬಿಗಿಯಾಗಿಯೇ ಇರಬೇಕು, ಓಡಿಸುತ್ತಾ ಓಡಿಸುತ್ತಾ ಒಳಗಿನ ಸ್ಪಂಜು ಕೂತುಕೊಳ್ಳುತ್ತದೆ ಅಂತ ಆಮೇಲೆ ಗೊತ್ತಾಯಿತು. ಹಣೆಯಲ್ಲಿ ಒಂದೇ ಜಾಗ ಒತ್ತಿ ನೋವು ಬಂದರೆ ಮಾತ್ರ ಬೇಡ ಅನ್ನಬೇಕು. ಅದು ತಿಳಿಯೋಕೆ ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿಕೊಂಡು ಕೂರಬೇಕು. ಸೀರೆ ಅಂಗಡಿಯಲ್ಲಿ ಮೂರು ಗಂಟೆ ಸುಮ್ನೆ ಕೂರುವ ಗಂಡಸರಿಗೆ ಇದೇನು ಕಷ್ಟ ಅಂತ ನನಗೆ ಅರ್ಥವಾಗುವುದಿಲ್ಲ.

ನಮ್ಮೂರಲ್ಲಿ ಹೆಲ್ಮೆಟ್ಟಿಗೆ ತಲೆ ಬಿಟ್ಟು ಬೇರೆಲ್ಲ ಜಾಗವೂ ಒಪ್ಪುತ್ತದೆ. ಮೊಣಕೈಗೆ ಸಲೀಸು. ಗಾಡಿಯ ಕನ್ನಡಿಗಂತೂ ಹೇಳಿ ಮಾಡಿಸಿದ್ದು. 2016ರಿಂದ ಹಿಂದೆ ಕೂರುವವರಿಗೂ ಕಡ್ಡಾಯ, ಅವರದು ತೊಡೆ ಮೇಲೆ, ಅದರೊಳಗೆ ಕೊತ್ತಂಬರಿ ಕಟ್ಟು ಮತ್ತು ಆರು ಮೊಟ್ಟೆ. ಮೊಟ್ಟೆಗೆ ಪೆಟ್ಟಾಗಬಾರದು ಅಲ್ವಾ. ಟೌನ್‌ಹಾಲ್ ಸರ್ಕಲ್ ಇನ್ನು ಐವತ್ತು ಮೀಟರ್ ಅನ್ನುವಾಗ, ಮಂಗಳಾರತಿ ಗಂಟೆಗೆ ಎಲ್ಲರ ಕೈ ಮೇಲೇಳುವ ಹಾಗೆ ಎಲ್ಲರ ಹೆಲ್ಮೆಟ್ಟೂ ಒಟ್ಟಿಗೆ ತಲೆಗೇರುತ್ತದೆ. ಪಟ್ಟಿ ಬಿಗಿದಿರಬೇಕು ಅಂತ ಕಾನೂನಿನ 129ನೇ ಕಲಮಿನಲ್ಲೇ ಇದೆ. ಅಷ್ಟು ದೂರ ಓದಿದವರು ಕಡಿಮೆ.

ಭಾವ ಒಂದು ಕಪ್ಪು ಹೆಲ್ಮೆಟ್ ಆರಿಸಿದ್ದರು. ಒಳಗೆ ಕೈ ಹಾಕಿದೆ. ಪೆಟ್ಟು ಬಿದ್ದಾಗ ತಾನು ಪುಡಿಯಾಗಿ ತಲೆ ಉಳಿಸಬೇಕಾದ ದಪ್ಪ ಥರ್ಮೋಕೋಲ್ ಜಾಗದಲ್ಲಿ ಪಾತ್ರೆ ತೊಳೆಯುವ ಸ್ಪಂಜಿಗಿಂತ ತೆಳು ಏನೋ ಇತ್ತು. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ್ದನ್ನು ಮಾರುವಂತೆಯೇ ಇಲ್ಲವಲ್ಲ, ಅದಕ್ಕೆ ಕೇಳಿದೆ.

"ಐಎಸ್‌ಐ ಇದೆಯೇನಪ್ಪ?"

"ಇದೆಯಣ್ಣ. ಯಾವುದಕ್ಕೆ ಅಂಟಿಸಲಿ?"

ಇನ್ನು ಮಾತಲ್ಲಿ ಆಗದು ಅಂತ ನಾನೇ ಹಾಕಿಕೊಂಡು ಪಟ್ಟಿ ಬಿಗಿದೆ. "ನೋಡಿ ಭಾವ, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟೂ ಜೊತೆಗೇ ತಿರುಗಬೇಕು, ಇದು ನೋಡಿ" ಅಂತ ಎಡಕ್ಕೂ ಬಲಕ್ಕೂ ಜೋರಾಗಿ ಅಲ್ಲಾಡಿಸಿದೆ. ತಿಪಟೂರು ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯೊಳಗೆ ಕೊಬ್ಬರಿ ಗಿಟುಕು ಲೊಟಲೊಟ ಅನ್ನುತ್ತದಲ್ಲ, ಹಾಗೆ ನನ್ನ ತಲೆ ಒಳಗೇ ಓಡಾಡಿತು.

ಹುಡುಗ ನನ್ನನ್ನೇ ನೋಡುತ್ತಿದ್ದ. "ಆಯ್ತಣ್ಣ, 200 ಕೊಡಿ" ಅಂದ.

ನಾನು ರೇಟ್ ಕೇಳುತ್ತಿಲ್ಲ ಮಾರಾಯ, ಅನ್ನುವಂತೆ ಮತ್ತೆ ತಲೆಯಾಡಿಸಿದೆ.

"180. ಇನ್ನು ಗಿಟ್ಟಲ್ಲ ಅಣ್ಣ."

ಭಾವ ಮೆಲ್ಲಗೆ ಹತ್ರ ಬಂದರು. ಹೆಲ್ಮೆಟ್ಟಿನ ಕಿವಿ ಪಕ್ಕ ಬಗ್ಗಿ, "ಇನ್ನೊಂದ್ ಸಲ ಅಲ್ಲಾಡ್ಸೋ" ಅಂದರು.