ಬೆನ್ನ ಮೇಲೆ ಕೊಡಗು ಅಂತ ಬರೆದ ಜೆರ್ಸಿ

ಹೋದ ವಾರ ಇಲ್ಲಿನ ಒಂದು ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಒಂದು ಕಾಲಕ್ಕೆ ಹಾಕಿ ಆಡಿದವಳು ಅಂತ ಕರೆದಿದ್ದರು. ಪ್ರಾರ್ಥನೆ, ಸ್ವಾಗತ, ಹಾರ ಎಲ್ಲ ಮುಗಿದ ಮೇಲೆ ಪಿಡಿ ಸರ್, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರು, ಎದ್ದು ವರ್ಷದ ಕ್ರೀಡಾ ವರದಿ ಓದಿದರು. ಮೂರು ನಿಮಿಷ ಆಗಿರಬಹುದು. ಗೆದ್ದ ತಂಡಗಳ ಹೆಸರು ಬಂತು. ಕಪ್ ಹಿಡಿದ ಕ್ಯಾಪ್ಟನ್ ಹೆಸರು ಬಂತು. ವಿಶ್ವವಿದ್ಯಾಲಯದ ತಂಡಗಳಿಗೆ ಆಯ್ಕೆಯಾದವರು ಇಷ್ಟು ಜನ ಅಂತ ಸಂಖ್ಯೆ ಬಂತು. ಸಂಖ್ಯೆ ಮಾತ್ರ.

ಮೂರನೇ ಸಾಲಿನಲ್ಲಿ ನನಗೆ ಗೊತ್ತಿರುವ ಹುಡುಗಿಯೊಬ್ಬಳು ಕೂತಿದ್ದಳು. ನಮ್ಮ ಪಕ್ಕದ ಕಾಫಿ ತೋಟದ ಲೈನ್‌ಮನೆಯವಳು, ಅಂದರೆ ತೋಟದ ಕೆಲಸಗಾರರ ಸಾಲುಮನೆಯವಳು. ಬಿ.ಕಾಂ. ಎರಡನೇ ವರ್ಷ. ಹಾಕಿಯಲ್ಲಿ ಲೆಫ್ಟ್ ಹಾಫ್. ಆ ಸಂಖ್ಯೆಯೊಳಗೆ ಅವಳೂ ಇದ್ದಳು. ಪಕ್ಕದಲ್ಲಿ ಅವಳ ಅಮ್ಮ, ತೋಟಕ್ಕೆ ರಜೆ ಹೇಳಿ, ಆ ದಿನದ ಸಂಬಳ ಬಿಟ್ಟು, ಇರುವುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ವರದಿ ಮುಗಿದು ಚಪ್ಪಾಳೆ ಬಿದ್ದಾಗ ಅವರು ಮಗಳ ಕಡೆ ಬಗ್ಗಿ ಏನೋ ಕೇಳಿದರು. ಮಗಳು ಇಲ್ಲ ಅಂತ ತಲೆ ಆಡಿಸಿದಳು. ಕೇಳಿದ್ದು ಏನು ಅಂತ ನನಗೆ ಕೇಳಿಸಲಿಲ್ಲ. ಆದರೂ ಗೊತ್ತಾಯಿತು.

ಪಿಡಿ ಸರ್ ಮೇಲೆ ನನ್ನ ದೂರಿಲ್ಲ. ಕಾರ್ಯಕ್ರಮ ತಡವಾಗಿತ್ತು, ಬೇಗ ಮುಗಿಸಿ ಅಂತ ಅವರಿಗೆ ಚೀಟಿ ಹೋಗಿದ್ದನ್ನು ನಾನೇ ನೋಡಿದೆ. ಆದರೆ ಮನೆಗೆ ಬಂದ ಮೇಲೂ ಆ ತಾಯಿಯ ಮುಖ ಕಣ್ಣ ಮುಂದಿನಿಂದ ಹೋಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನಮ್ಮ ಕೊಡಗಿನಲ್ಲಿ ಆಟಕ್ಕೇನೂ ಬರ ಇಲ್ಲ. ಏಪ್ರಿಲ್ ಬಂತು ಅಂದ್ರೆ ಕೊಡವ ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದಾಗ ಬಂದದ್ದು 60 ಒಕ್ಕಗಳ, ಅಂದರೆ ಕೊಡವ ಮನೆತನಗಳ, ತಂಡ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದು ಗಿನ್ನೆಸ್ ದಾಖಲೆ ಆಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಬೆಂಗಳೂರು, ಮೈಸೂರಿನಲ್ಲಿ ಕೆಲಸದಲ್ಲಿರುವವರು ರಜೆ ಹಾಕಿ ಬರುತ್ತಾರೆ. ಅಪ್ಪ ಮಗಳು ಒಂದೇ ತಂಡದಲ್ಲಿ ಆಡುತ್ತಾರೆ. ನಾನೂ ನಮ್ಮ ಒಕ್ಕಕ್ಕೆ ಆಡಿದ್ದೇನೆ. ಬೆನ್ನ ಮೇಲೆ ಒಕ್ಕದ ಹೆಸರಿರುವ ಜೆರ್ಸಿ ಹಾಕಿ ಮೈದಾನಕ್ಕೆ ಇಳಿಯುವಾಗ ಮೈ ಜುಮ್ ಅನ್ನುತ್ತೆ. ಅದು ಆಡಿದವರಿಗೇ ಗೊತ್ತು. ಗೌಡ ಕುಟುಂಬಗಳು ಹೀಗೇ ತಮ್ಮೊಳಗೆ ಕ್ರಿಕೆಟ್ ನಡೆಸುತ್ತವೆ. ಬೇರೆ ಸಮುದಾಯಗಳೂ ತಮ್ಮ ತಮ್ಮ ಕಪ್ ಮಾಡಿಕೊಂಡಿವೆ.

ಇದರಲ್ಲಿ ಒಂದೂ ನಿಲ್ಲಬಾರದು. ಇವು ಇರುವುದರಿಂದಲೇ ಈ ಸಣ್ಣ ಜಿಲ್ಲೆಯಲ್ಲಿ ಇಷ್ಟು ಆಟಗಾರರು ಹುಟ್ಟಿದ್ದಾರೆ. ಆದರೆ ಇವೆಲ್ಲ ನಮ್ಮ ನಮ್ಮವರ ಆಟ ಅಲ್ವಾ? ಲೈನ್‌ಮನೆಯ ಈ ಹುಡುಗಿ ಯಾವ ಕಪ್‌ನಲ್ಲಿ ಆಡಬೇಕು? ಬುಡಕಟ್ಟಿನವರ ಹಾಡಿಯಿಂದ ಕಾಲೇಜಿಗೆ ಬರುವ ಎರವರ ಹುಡುಗ? ಗಾರೆ ಕೆಲಸಕ್ಕೆ ಅಂತ ಬಂದು ಕುಶಾಲನಗರದಲ್ಲೇ ನೆಲೆಸಿದವರ ಮಗ? ಇವರೂ ಇಲ್ಲೇ ಹುಟ್ಟಿದವರು. ಇದೇ ಮಳೆಯಲ್ಲಿ ನೆನೆದು ಶಾಲೆಗೆ ಹೋದವರು. ಶಾಲೆಯ ಆಟ ಮುಗಿದ ಮೇಲೆ ಇವರಿಗೆ ಬಾಗಿಲು ತೆರೆದಿರುವ ತಂಡ ಹೆಚ್ಚು ಕಡಿಮೆ ಒಂದೇ. ಕಾಲೇಜಿನ ತಂಡ, ಅಲ್ಲಿಂದ ಮುಂದಕ್ಕೆ ವಿಶ್ವವಿದ್ಯಾಲಯದ ತಂಡ. ಅಲ್ಲಿ ಕೊಡವರ ಹುಡುಗಿ ಪಾಸ್ ಕೊಟ್ಟರೆ ಲೈನ್‌ಮನೆಯ ಹುಡುಗಿ ಹಿಡಿಯುತ್ತಾಳೆ. ಗೌಡರ ಹುಡುಗಿ ಬಿದ್ದರೆ ಮಾಪಿಳ್ಳೆಯವರ ಹುಡುಗಿ ಎಬ್ಬಿಸುತ್ತಾಳೆ. ಈ ಜಿಲ್ಲೆಯ ಎಲ್ಲರೂ ಒಂದೇ ಬಣ್ಣದ ಬಟ್ಟೆ ಹಾಕುವ ಜಾಗ ನಮ್ಮಲ್ಲಿ ಎಷ್ಟಿದೆ ಹೇಳಿ?

ಎಸ್.ವಿ. ಸುನಿಲ್ ಅವರನ್ನು ನೆನಪು ಮಾಡಿಕೊಳ್ಳಿ. ಹೆಸರಿನ ಮೊದಲ ಅಕ್ಷರವೇ ಸೋಮವಾರಪೇಟೆ. 2012 ಮತ್ತು 2016ರ ಒಲಿಂಪಿಕ್ಸ್ ಆಡಿದವರು. 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. ಅವರು ಓಡಿದ ಓಟಕ್ಕೆ ಎದುರಿನ ಡಿಫೆಂಡರ್‌ಗಳು ನಿಂತಲ್ಲೇ ನಿಲ್ಲುತ್ತಿದ್ದರು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರ ಹೆಸರು ಹೇಳುವಷ್ಟೇ ಹೆಮ್ಮೆಯಿಂದ ನಾವು ಸುನಿಲ್ ಹೆಸರನ್ನೂ ಹೇಳುತ್ತೇವೆ. ಅವರು ಕೊಡವ ಒಕ್ಕದವರಲ್ಲ. ಆದರೆ ಅವರಷ್ಟು ಕೊಡಗಿನವರು ಇನ್ಯಾರಿದ್ದಾರೆ? ಅಂಥ ಇನ್ನೊಬ್ಬರು ಈಗ ನಮ್ಮ ಯಾವುದೋ ಕಾಲೇಜಿನ ಮೈದಾನದಲ್ಲಿ ಹಳೆಯ ಸ್ಟಿಕ್‌ಗೆ ಟೇಪ್ ಸುತ್ತಿಕೊಂಡು ಆಡುತ್ತಿರಬಹುದು. ನಾವು ನೋಡಲು ಹೋಗುತ್ತಿಲ್ಲ ಅಷ್ಟೇ.

ಜೆರ್ಸಿಯ ಮಾತಿಗೆ ಬರುತ್ತೇನೆ. ನಾನು ಓದುವಾಗ ನಮ್ಮ ಕಾಲೇಜುಗಳೆಲ್ಲ ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅದು 1980ರಲ್ಲಿ ಶುರುವಾಯಿತು. ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾಲಯ. ಅಂದರೆ ನಮ್ಮ ಮಕ್ಕಳು ಎಷ್ಟೇ ಚೆನ್ನಾಗಿ ಆಡಿದರೂ ಬೆನ್ನ ಮೇಲಿನ ಹೆಸರು ಬೇರೆ ಊರಿನದು. ಮಂಗಳೂರಿನ ಮೇಲೆ ನನಗೆ ತುಂಬ ಗೌರವ ಇದೆ. ಅಥ್ಲೆಟಿಕ್ಸ್‌ನಲ್ಲಿ ದೇಶದ ವಿಶ್ವವಿದ್ಯಾಲಯಗಳ ನಡುವೆ ಅದು ಹಲವು ಸಲ ಚಾಂಪಿಯನ್ ಆಗಿದೆ. ಆದರೂ 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಆರಂಭವಾದಾಗ ನನಗೆ ಮೊದಲು ಹೊಳೆದದ್ದು ಪದವಿ ಪತ್ರ ಅಲ್ಲ, ಜೆರ್ಸಿ. ಇನ್ನು ಮೇಲೆ ನಮ್ಮ ಮಕ್ಕಳ ಬೆನ್ನ ಮೇಲೆ ಕೊಡಗು ಅಂತಲೇ ಇರುತ್ತೆ ಅಂದುಕೊಂಡೆ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗ ಇಲ್ಲಿ ಜನ ಬೀದಿಗೆ ಇಳಿದರು. ನಾನು ಕೇಳಿದ ಮಾತುಗಳಲ್ಲಿ ಹಣದ ಲೆಕ್ಕ ಇತ್ತು, ದೂರದ ಲೆಕ್ಕ ಇತ್ತು. ತಂಡದ ಮಾತನ್ನು ಯಾರೂ ಎತ್ತಲಿಲ್ಲ. ಅವತ್ತು ನಾನೇ ಎತ್ತಬೇಕಿತ್ತು.

ವಿಶ್ವವಿದ್ಯಾಲಯದ ತಂಡದ ಒಂದು ವರ್ಷ ಹೇಗಿರುತ್ತೆ ಅಂತ ತುಂಬ ಜನಕ್ಕೆ ಗೊತ್ತಿಲ್ಲ. ಮೊದಲು ಕಾಲೇಜು ಕಾಲೇಜುಗಳ ನಡುವೆ ಪಂದ್ಯ. ಅಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ಕ್ಯಾಂಪ್. ಕ್ಯಾಂಪ್‌ನಿಂದ ವಿಶ್ವವಿದ್ಯಾಲಯದ ತಂಡ. ಆ ತಂಡ ದಕ್ಷಿಣ ವಲಯಕ್ಕೆ ಹೋಗುತ್ತೆ. ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣದ ವಿಶ್ವವಿದ್ಯಾಲಯಗಳೆಲ್ಲ ಅಲ್ಲಿ ಬರುತ್ತವೆ. ವಲಯದ ಮೊದಲ ನಾಲ್ಕು ತಂಡಕ್ಕೆ ಮಾತ್ರ ಅಖಿಲ ಭಾರತ ಮಟ್ಟದಲ್ಲಿ ಜಾಗ.

ಕಾಲೇಜು ಶುರುವಾಗಿ ಮಕ್ಕಳು ಮೈದಾನಕ್ಕೆ ಇಳಿಯುವ ಹೊತ್ತಿಗೆ ನಮ್ಮಲ್ಲಿ ಮಳೆ. ಜುಲೈ, ಆಗಸ್ಟ್‌ನ ಮಡಿಕೇರಿ ಮಳೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೇರೆ ಜಿಲ್ಲೆಯ ತಂಡ ದಿನಾ ಎರಡು ಗಂಟೆ ಆಡುವಾಗ ನಮ್ಮವರು ಕಾಲೇಜಿನ ಜಗುಲಿಯಲ್ಲಿ ಸ್ಕಿಪಿಂಗ್ ಮಾಡುತ್ತಿರುತ್ತಾರೆ. ಮಳೆ ಸ್ವಲ್ಪ ಬಿಟ್ಟಿತು ಅಂತ ಇಳಿದರೆ ಮೈದಾನದಲ್ಲಿ ಚೆಂಡು ಉರುಳುವುದಿಲ್ಲ. ಹೊಡೆದ ಚೆಂಡು ಕೆಸರಲ್ಲಿ ಹೂತು ಕೂರುತ್ತೆ. ಅದಕ್ಕೆ ನಮ್ಮ ಹುಡುಗಿಯರು ಜೋರಾಗಿ ಹೊಡೆದು ಓಡುವುದನ್ನು ಕಲಿಯುತ್ತಾರೆ. ದೊಡ್ಡ ಪಂದ್ಯ ಎಲ್ಲ ಟರ್ಫ್ ಮೇಲೆ, ಅಂದರೆ ಕೃತಕ ಹುಲ್ಲಿನ ಮೈದಾನದ ಮೇಲೆ. ಅಲ್ಲಿ ಚೆಂಡು ನೆಲಕ್ಕೆ ಅಂಟಿಕೊಂಡ ಹಾಗೆ ಜಾರಿ ಬರುತ್ತೆ. ಬಗ್ಗಿ ಆಡಬೇಕು, ಹೊಡೆಯುವುದಕ್ಕಿಂತ ಜಾಸ್ತಿ ತಳ್ಳಬೇಕು. ಮಣ್ಣಿನ ಅಭ್ಯಾಸದ ಕೈ ಒಂದು ಕ್ಷಣ ತಡವಾದರೆ ಚೆಂಡು ದಾಟಿ ಹೋಗಿರುತ್ತೆ. ಟರ್ಫ್ ನಮ್ಮ ಜಿಲ್ಲೆಯಲ್ಲೂ ಇದೆ. ಮಡಿಕೇರಿಯ ಸಾಯಿ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ ಇದೆ, ಕೂಡಿಗೆಯ ಕ್ರೀಡಾ ಶಾಲೆ ಇದೆ, ಪೊನ್ನಂಪೇಟೆಯ ಕ್ರೀಡಾ ನಿಲಯ ಇದೆ. ಅಲ್ಲಿ ನಿಲಯದ ಮಕ್ಕಳ ಅಭ್ಯಾಸ ಮೊದಲು, ಅದು ಸರಿಯೇ. ಆದರೆ ಕ್ಲಾಸ್ ಮುಗಿಸಿ ಅಲ್ಲಿಗೆ ಹೋಗಿ ಆಡಿ ಬರುವಷ್ಟರಲ್ಲಿ ನಮ್ಮ ಹುಡುಗಿಗೆ ಊರಿನ ಕೊನೆಯ ಬಸ್ ತಪ್ಪಿರುತ್ತೆ. ಕತ್ತಲಾದ ಮೇಲೆ ಆನೆ ಓಡಾಡುವ ದಾರಿಯಲ್ಲಿ ಮಗಳನ್ನು ನಡೆದು ಬಾ ಅನ್ನುವ ತಾಯಿ ಯಾರಿದ್ದಾರೆ?

ಮಳೆ ಮುಗಿಯಿತು ಅಂದ್ರೆ ಕಾಫಿ ಕುಯ್ಲು. ವಲಯದ ಪಂದ್ಯಗಳು, ಕ್ಯಾಂಪ್‌ಗಳು ಎಷ್ಟೋ ಸಲ ಡಿಸೆಂಬರ್, ಜನವರಿಗೇ ಬೀಳುತ್ತವೆ. ಲೈನ್‌ಮನೆಯಲ್ಲಿ ವರ್ಷದ ನಾಲ್ಕು ಕಾಸು ಕಾಣುವ ಕಾಲ ಅದು. ಕುಯ್ದ ಕೆಜಿಗೆ ಇಷ್ಟು ಅಂತ ಕೂಲಿ. ಕಾಲೇಜಿಗೆ ಹೋಗುವ ಮಗಳು ರಜೆ ದಿನ ಬುಟ್ಟಿ ಕಟ್ಟಿಕೊಂಡರೂ ಮನೆಗೆ ಆಸರೆ. ಅಂಥ ಹೊತ್ತಿನಲ್ಲಿ ಹತ್ತು ದಿನ ಮಗಳನ್ನು ಆಟಕ್ಕೆ ಕಳಿಸುವ ಮನೆ ಆ ಹತ್ತು ದಿನದ ಕೂಲಿಯನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟ ಹಾಗೆ. ಈ ಲೆಕ್ಕ ಯಾವ ವರದಿಯಲ್ಲೂ ಬರುವುದಿಲ್ಲ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. 1990ರ ದಶಕದಲ್ಲಿ ನಾನು ಕಾಲೇಜು ತಂಡದಲ್ಲಿ ಬ್ಯಾಕ್ ಆಡುವಾಗ ನನ್ನ ಹಿಂದೆ ಗೋಲ್‌ನಲ್ಲಿ ನಿಲ್ಲುತ್ತಿದ್ದವಳು ಲೈನ್‌ಮನೆಯವಳೇ. ನಮ್ಮಿಬ್ಬರದ್ದೂ ಮೂರು ವರ್ಷದ ಜೋಡಿ. ಅವಳು "ಬಿಡು" ಅಂದ್ರೆ ನಾನು ಕಣ್ಣು ಮುಚ್ಚಿ ಪಕ್ಕಕ್ಕೆ ಸರಿಯುತ್ತಿದ್ದೆ. ಕಾಲೇಜಿನ ಪ್ಯಾಡ್ ಹರಿದು ಒಳಗಿನ ಹತ್ತಿ ಹೊರಗೆ ಬಂದಿತ್ತು. ಅವಳೇ ಗೋಣಿ ದಾರದಲ್ಲಿ ಹೊಲಿದುಕೊಂಡಿದ್ದಳು. ಕೊನೆಯ ವರ್ಷ ನಮ್ಮಿಬ್ಬರಿಗೂ ವಿಶ್ವವಿದ್ಯಾಲಯದ ಕ್ಯಾಂಪ್‌ಗೆ ಕರೆ ಬಂತು. ಬಸ್ ಚಾರ್ಜು, ಊಟದ ಖರ್ಚು ಮೊದಲು ನೀವೇ ಹಾಕಿಕೊಳ್ಳಿ, ಬಿಲ್ ಪಾಸಾದ ಮೇಲೆ ಕೊಡುತ್ತೇವೆ ಅಂದರು ಕಾಲೇಜಿನ ಆಫೀಸಿನಲ್ಲಿ. ನಮ್ಮಪ್ಪ ನನಗೆ ಕೊಟ್ಟರು. ಅವಳ ಮನೆಯಲ್ಲಿ ಕೊಡುವ ಹಾಗಿರಲಿಲ್ಲ. ಕುಯ್ಲೂ ಇತ್ತು. ನನ್ನ ದುಡ್ಡಲ್ಲಿ ಬಾ ಅಂದೆ. "ಬೇಡ, ನೀನು ಹೋಗಿ ಬಾ" ಅಂದಳು. ನಾನು ಹೋದೆ. ಯೂನಿವರ್ಸಿಟಿ ಬ್ಲೂ ಅಂತ, ವಿಶ್ವವಿದ್ಯಾಲಯಕ್ಕೆ ಆಡಿದವರಿಗೆ ಕೊಡುವ ಗೌರವದ ಬ್ಲೇಜರ್ ತಂದೆ. ನನಗಿಂತ ಎರಡು ಪಟ್ಟು ಆಟಗಾರ್ತಿಯಾಗಿದ್ದವಳು ಆ ಹತ್ತು ದಿನ ರೋಬಸ್ಟಾ ಕಾಫಿ ಕುಯ್ದಳು. ನನ್ನ ಬಿಲ್ ಪಾಸಾಗಿ ಹಣ ಬಂದದ್ದು ಪರೀಕ್ಷೆ ಎಲ್ಲ ಮುಗಿದ ಮೇಲೆ. ಆ ಬ್ಲೇಜರ್ ಇವತ್ತಿಗೂ ನನ್ನ ಬೀರುವಿನಲ್ಲಿದೆ.

ಅಷ್ಟು ವರ್ಷ ಆಯಿತು. ಈಗಲೂ ಎಷ್ಟೋ ಕಡೆ ಮೊದಲು ಕೈಯಿಂದ ಹಾಕಿ, ಆಮೇಲೆ ಬಿಲ್ ಕೊಡಿ ಅನ್ನುವ ಪದ್ಧತಿ ಇದೆ ಅಂತ ಮಕ್ಕಳು ಹೇಳುತ್ತಾರೆ. ಇದೊಂದು ಹೋಗಬೇಕು. ಬಸ್ ಹತ್ತುವ ಮೊದಲು ಮಕ್ಕಳ ಕೈಗೆ ದುಡ್ಡು ಬರಬೇಕು.

ಇನ್ನು ಸಾಧನೆ ಅನ್ನುವ ಮಾತು. ದೇಶದಲ್ಲಿ ವಿಶ್ವವಿದ್ಯಾಲಯಗಳ ವರ್ಷದ ಆಟ ನೋಡಿ ಕೊಡುವ ದೊಡ್ಡ ಗೌರವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ. 1956-57ರಿಂದ ಇದೆ. ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯ ಒಂದೇ ಅದನ್ನು 20ಕ್ಕೂ ಹೆಚ್ಚು ಸಲ ಗೆದ್ದಿದೆ. 2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದಾಗ ಜೈನ್ ವಿಶ್ವವಿದ್ಯಾಲಯ 20 ಚಿನ್ನ ಗೆದ್ದು ಮೊದಲ ಸ್ಥಾನ ಪಡೆಯಿತು. ಅವರಿಗೆ ಅಭಿನಂದನೆ. ಅವರ ಬೆವರೂ ಬೆವರೇ. ಆದರೆ ಅಲ್ಲಿ ಸ್ಕಾಲರ್‌ಶಿಪ್ ಇದೆ, ಹಾಸ್ಟೆಲ್ ಇದೆ, ಕೋಚ್ ಇದ್ದಾರೆ. ಪಿಯುಸಿ ಮುಗಿಸಿದ ನಮ್ಮ ಒಳ್ಳೆಯ ಆಟಗಾರರು ಬೆಂಗಳೂರಿಗೆ, ಮೂಡುಬಿದಿರೆಗೆ, ಮೈಸೂರಿಗೆ ಹೋಗುವುದೂ ಅದಕ್ಕೇ. ಹೋಗಲಿ. ಅವರ ಭವಿಷ್ಯ ದೊಡ್ಡದು. ಆದರೆ ಹೋಗಲಾಗದೆ ಇಲ್ಲೇ ಉಳಿದು, ಇಲ್ಲಿನ ಕಾಲೇಜಿಗೆ ಸೇರಿ, ಕೆಸರಿನಲ್ಲಿ ಅಭ್ಯಾಸ ಮಾಡಿ ಹೋದ ತಂಡವನ್ನು ಅದೇ ಪದಕ ಪಟ್ಟಿ ಹಿಡಿದು ಅಳೆದು, ಈ ವರ್ಷ ಏನೂ ಇಲ್ಲ ಅಂತ ಬರೆಯಬೇಡಿ.

ನಮ್ಮ ಲೆಫ್ಟ್ ಹಾಫ್ ಹುಡುಗಿಯ ತಂಡ ಮೊದಲ ಪಂದ್ಯ ಗೆದ್ದು ಎರಡನೆಯದರಲ್ಲಿ ಸೋತಿತು. ಬಂದ ಮೇಲೆ ನಮ್ಮ ಮನೆಗೆ ಬಂದಿದ್ದಳು. ಸೋತದ್ದನ್ನು ಎರಡು ಮಾತಲ್ಲಿ ಹೇಳಿ ಮುಗಿಸಿದಳು. ಆಮೇಲೆ ಅರ್ಧ ಗಂಟೆ ಮಾತಾಡಿದ್ದು ಒಂದೇ ಪೆನಾಲ್ಟಿ ಕಾರ್ನರ್ ಬಗ್ಗೆ, ಗೋಲ್ ಹತ್ತಿರ ತಪ್ಪಾದಾಗ ಎದುರಿನವರಿಗೆ ಸಿಗುವ ಅವಕಾಶ ಅದು. ಎದುರಿನವರು ಚೆಂಡು ತಳ್ಳಿದ ಕೂಡಲೇ ಇವಳು ಓಡಿ ಹೋಗಿ ಸ್ಟಿಕ್ ಅಡ್ಡ ಇಟ್ಟಳಂತೆ. ಚೆಂಡು ಮೊಣಕಾಲಿಗೆ ಬಿತ್ತು. ಗೋಲ್ ಆಗಲಿಲ್ಲ. "ಅಕ್ಕಾ, ನೋವೇ ಗೊತ್ತಾಗಲಿಲ್ಲ. ಎಲ್ಲರೂ ಬಂದು ತಬ್ಬಿಕೊಂಡರು" ಅಂದಳು. ಊದಿದ ಮೊಣಕಾಲು ತೋರಿಸಿದಳು. ಇದು ಈ ವರ್ಷದ ಸಾಧನೆ ಅಲ್ಲದಿದ್ದರೆ ಯಾವುದು ಸಾಧನೆ ಅಂತ ನನಗೆ ತಿಳಿಯುವುದಿಲ್ಲ.

ಕಾಲೇಜಿನವರಲ್ಲಿ, ವಿಶ್ವವಿದ್ಯಾಲಯದವರಲ್ಲಿ ನನ್ನದೊಂದು ಕೋರಿಕೆ. ವರದಿ ಓದುವಾಗ ತಂಡದ ಎಲ್ಲರ ಹೆಸರು ಓದಿ. ಹೊರಗೆ ಕೂತ ಬದಲಿ ಆಟಗಾರರದ್ದೂ ಓದಿ. ಹದಿನೆಂಟು ಹೆಸರಿಗೆ ಒಂದು ನಿಮಿಷವೂ ಬೇಡ. ಭಾಷಣ ಒಂದು ಕಡಿಮೆ ಮಾಡಿ. ಕ್ರಾಸ್‌ ಕಂಟ್ರಿ ಓಡಿದವರು, ವಾಲಿಬಾಲ್, ಕಬಡ್ಡಿ ಆಡಿದವರು, ಹಗ್ಗಜಗ್ಗಾಟದಲ್ಲಿ ಕೈ ಸುಲಿದುಕೊಂಡವರು ಎಲ್ಲರೂ ಬರಲಿ.

ತೋಟದ ಮಾಲೀಕರಲ್ಲಿ, ಅಂದರೆ ನನ್ನವರಲ್ಲೇ, ಇನ್ನೊಂದು ಕೋರಿಕೆ. ನಿಮ್ಮ ಲೈನ್‌ಮನೆಯ ಮಗು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಬಸ್ ಚಾರ್ಜು ನೀವು ಕೊಡಿ. ಒಕ್ಕದ ತಂಡಕ್ಕೆ ಜೆರ್ಸಿ ಹೊಲಿಸುವಾಗ ನಾವು ಲೆಕ್ಕ ನೋಡುವುದಿಲ್ಲ. ಇದನ್ನೂ ಹಾಗೇ ಕೊಡೋಣ. ನಾನು ಶುರು ಮಾಡಿದ್ದೇನೆ. ಈ ವರ್ಷ ಹೊಸ ಶಿನ್‌ಗಾರ್ಡ್ ಒಂದು ಜೊತೆ ಆಯಿತು. ಮುಂದಿನ ವರ್ಷಕ್ಕೆ ಗೋಲ್‌ಕೀಪರ್‌ಗೆ ಒಂದು ಪೂರ್ತಿ ಸೆಟ್ ಕೊಡಿಸಬೇಕು ಅಂತ ಇದೆ. ಅದು ದುಬಾರಿ, ಒಬ್ಬಳಿಂದ ಆಗುವುದಿಲ್ಲ. ಜೊತೆಗೆ ಸೇರುವವರು ಕಾಮೆಂಟ್‌ನಲ್ಲಿ ಹೇಳಿ.

ಮಳೆ ಹಿಡಿಯುವ ಹೊತ್ತಿಗೆ ಕಾಲೇಜುಗಳ ಪಂದ್ಯ ಮತ್ತೆ ಶುರುವಾಗುತ್ತೆ. ದಿನ, ಜಾಗ ಗೊತ್ತಾದ ಕೂಡಲೇ ಇಲ್ಲೇ ಹಾಕುತ್ತೇನೆ. ಬನ್ನಿ. ಕೊಡೆ ಮರೆಯಬೇಡಿ.